ಪ್ರೋಗ್ರಾಮಿಂಗ್ ಶುರು ಮಾಡೋದು ಹೇಗೆ? ಮೊದಲು ಎರರ್ ಓದೋದು ಕಲಿಯಿರಿ

ಪ್ರೋಗ್ರಾಮಿಂಗ್ ಕಲಿಯಬೇಕು ಅಂತ ಹೊರಟ ಎಷ್ಟೋ ಜನ "ಯಾವ ಲ್ಯಾಂಗ್ವೇಜ್ ಒಳ್ಳೇದು" ಅನ್ನುವ ಪ್ರಶ್ನೆಯಲ್ಲೇ ಸುಸ್ತಾಗಿಬಿಡುತ್ತಾರೆ. ಒಬ್ಬರು ಪೈಥಾನ್ ಅನ್ನುತ್ತಾರೆ, ಇನ್ನೊಬ್ಬರು ಜಾವಾ ಅನ್ನುತ್ತಾರೆ, ಮತ್ತೊಬ್ಬರು ಬಂದು ಸಿ ಬರದಿದ್ದರೆ ಬುನಾದಿಯೇ ಇಲ್ಲ ಅಂತ ಹೆದರಿಸಿ ಹೋಗುತ್ತಾರೆ. ನನ್ನನ್ನು ಕೇಳಿದರೆ ಪೈಥಾನ್ ಹಿಡಿಯಿರಿ. ವೆಬ್ ಪುಟಗಳನ್ನೇ ಮಾಡಬೇಕು ಅಂತ ಆಸೆ ಇದ್ದರೆ ಜಾವಾಸ್ಕ್ರಿಪ್ಟ್. ಎರಡರಲ್ಲಿ ಒಂದನ್ನು ಆರಿಸಿಕೊಂಡು ಕೆಲವು ತಿಂಗಳು ಆ ಪ್ರಶ್ನೆಯ ತಂಟೆಗೇ ಹೋಗಬೇಡಿ. ವೇರಿಯಬಲ್ (ಮಾಹಿತಿಗೆ ಇಟ್ಟ ಹೆಸರು), ಇಫ್ (ಹೀಗಿದ್ದರೆ ಹೀಗೆ ಮಾಡು ಅನ್ನುವುದು), ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು), ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಂಡು) ಇವು ಒಂದು ಲ್ಯಾಂಗ್ವೇಜಿನಲ್ಲಿ ತಲೆಗೆ ಹತ್ತಿದರೆ ಸಾಕು, ಇನ್ನೊಂದಕ್ಕೆ ಹೋದಾಗ ಬರೆಯುವ ರೀತಿ ಬದಲಾಗುತ್ತದೆ, ಯೋಚನೆ ಅದೇ ಇರುತ್ತದೆ.

ಇಲ್ಲಿ ಪೈಥಾನ್ ಅಂತಲೇ ಇಟ್ಟುಕೊಂಡು ಹೇಳುತ್ತೇನೆ. ಗೈಡೊ ವಾನ್ ರಾಸಮ್ ಅವರು 1991ರಲ್ಲಿ ಹೊರತಂದ ಲ್ಯಾಂಗ್ವೇಜ್ ಇದು, ಉಚಿತ. ಹೊಸಬರಿಗೆ ಥಾನಿ (Thonny) ಅನ್ನುವ ಎಡಿಟರ್, ಅಂದರೆ ಕೋಡ್ ಬರೆದು ಓಡಿಸುವ ಸಾಫ್ಟ್‌ವೇರ್, ಸುಲಭ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗೆ ಅಂತಲೇ ಮಾಡಿದ್ದು. ಅದನ್ನು ಇನ್‌ಸ್ಟಾಲ್ ಮಾಡಿದರೆ ಪೈಥಾನ್ ಕೂಡ ಜೊತೆಗೇ ಬರುತ್ತದೆ, ಬೇರೆ ಸೆಟ್ಟಿಂಗ್ ಏನೂ ಬೇಡ. ದೊಡ್ಡ ಎಡಿಟರ್‌ಗಳು, ಅವುಗಳ ಎಕ್ಸ್‌ಟೆನ್ಶನ್‌ಗಳು, ಕಪ್ಪು ಹಿನ್ನೆಲೆಯ ಚೆಂದದ ಥೀಮ್‌ಗಳು ಇವೆಲ್ಲ ಆಮೇಲೆ ನೋಡಿಕೊಳ್ಳಿ. ಎಡಿಟರ್ ಸಿಂಗರಿಸುತ್ತಾ ಕೂತರೆ ಒಂದು ವಾರ ಸುಮ್ನೆ ಹೋಗುತ್ತದೆ, ಒಂದು ಸಾಲು ಕೋಡ್ ಕೂಡ ಹುಟ್ಟುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಕೆಳಗಿನ ಎರಡು ಸಾಲು ನೋಡಿ. ಪ್ರಿಂಟ್, ಇನ್‌ಪುಟ್ ಅನ್ನುವುದನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲೇ, ಅದೂ ಸಣ್ಣ ಅಕ್ಷರಗಳಲ್ಲಿ (print, input) ಟೈಪ್ ಮಾಡಬೇಕು. ಇನ್‌ಪುಟ್ ನೀವು ಟೈಪ್ ಮಾಡಿದ್ದನ್ನು ತೆಗೆದುಕೊಳ್ಳುತ್ತದೆ, ಪ್ರಿಂಟ್ ಉತ್ತರವನ್ನು ತೆರೆಯ ಮೇಲೆ ತೋರಿಸುತ್ತದೆ. ಆದರೆ ವಯಸ್ಸು ಅನ್ನುವ ಹೆಸರು ಕನ್ನಡದಲ್ಲೇ ಇದ್ದರೂ ನಡೆಯುತ್ತದೆ, ಪೈಥಾನ್ 3, ಅಂದರೆ ಈಗಿನ ಆವೃತ್ತಿ, ಅದನ್ನು ಒಪ್ಪುತ್ತದೆ.

ವಯಸ್ಸು = ಇನ್‌ಪುಟ್("ನಿಮ್ಮ ವಯಸ್ಸೆಷ್ಟು? ")
ಪ್ರಿಂಟ್(ವಯಸ್ಸು + 1)

ರನ್ ಮಾಡಿ, 20 ಅಂತ ಕೊಡಿ. 21 ಬರಬೇಕಿತ್ತು ಅಲ್ವಾ? ಬರುವುದಿಲ್ಲ. ಕೆಂಪು ಅಕ್ಷರಗಳಲ್ಲಿ ಉದ್ದನೆಯ ಒಂದು ತಕರಾರು ಬರುತ್ತದೆ. ತುಂಬಾ ಜನ ಇದನ್ನು ಕಂಡ ಕೂಡಲೇ ಕಣ್ಣು ತಿರುಗಿಸಿ, "ನನಗೆ ಇದು ಆಗಿಬರಲ್ಲ" ಅಂತ ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ, ಓದಿ. ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲು ಏನಾಯಿತು ಅಂತ ಹೇಳುತ್ತದೆ, ಅದರ ಮೇಲಿನ ಸಾಲುಗಳು ಎಲ್ಲಿ ಆಯಿತು ಅಂತ ಸಾಲಿನ ನಂಬರ್ ಸಮೇತ ಹೇಳುತ್ತವೆ. ಇಲ್ಲಿ ಕೊನೆಯ ಸಾಲಿನಲ್ಲಿ ಟೈಪ್‌ಎರರ್ ಅಂತಿದೆ, ಅಕ್ಷರಗಳ ಸಾಲಿಗೆ ಸಂಖ್ಯೆಯನ್ನು ಅಂಟಿಸೋಕೆ ಆಗಲ್ಲ ಅನ್ನುವುದು ಅದರ ಅರ್ಥ. ಅಂದರೆ ನೀವು ಕೊಟ್ಟ 20 ಅದಕ್ಕೆ ಸಂಖ್ಯೆಯೇ ಅಲ್ಲ, 2 ಮತ್ತು 0 ಅನ್ನುವ ಎರಡು ಅಕ್ಷರ ಅಷ್ಟೇ. ಇನ್‌ಪುಟ್ ಯಾವಾಗಲೂ ಹೀಗೆ ಅಕ್ಷರಗಳನ್ನೇ ತಂದುಕೊಡುತ್ತದೆ.

ನಂಬಿಕೆ ಬರದಿದ್ದರೆ 1ರ ಸುತ್ತಲೂ ಉದ್ಧರಣ ಚಿಹ್ನೆ ಹಾಕಿ ಮತ್ತೆ ರನ್ ಮಾಡಿ. ಈ ಸಲ ಎರರ್ ಇಲ್ಲ, ಆದರೆ ಉತ್ತರ 201! ಎರರ್ ಬಂದಿದ್ದಕ್ಕಿಂತ ಇದು ಅಪಾಯ, ಯಾಕೆಂದರೆ ತಪ್ಪು ಉತ್ತರ ಸದ್ದಿಲ್ಲದೆ ಬಂತು, ಯಾರೂ ಎಚ್ಚರಿಸಲಿಲ್ಲ. ಈಗ ಆ ಚಿಹ್ನೆ ತೆಗೆದು, ಎರಡನೇ ಸಾಲಿನ ವಯಸ್ಸು ಅನ್ನುವುದನ್ನು ಇಂಟ್(ವಯಸ್ಸು) ಅಂತ ಮಾಡಿ. ಇದನ್ನೂ ಇಂಗ್ಲಿಷಿನಲ್ಲೇ (int) ಬರೆಯಬೇಕು, ಅಕ್ಷರಗಳನ್ನು ಸಂಖ್ಯೆಯಾಗಿ ಬದಲಿಸುವುದು ಇದರ ಕೆಲಸ. 21 ಬರುತ್ತದೆ. "ಇಪ್ಪತ್ತು" ಅಂತ ಕೊಟ್ಟು ನೋಡಿ, ವ್ಯಾಲ್ಯೂಎರರ್, ಅಂದರೆ ಇದನ್ನು ಸಂಖ್ಯೆ ಮಾಡೋಕೆ ಆಗಲ್ಲ ಅಂತ. ಕನ್ನಡ ಅಂಕಿಯಲ್ಲಿ ೨೦ ಅಂತ ಕೊಟ್ಟು ನೋಡಿ, ಚಕಾರ ಎತ್ತದೆ 21 ಅನ್ನುತ್ತದೆ! ಇಂಟ್‌ಗೆ ಕನ್ನಡ ಅಂಕಿಗಳೂ ಗೊತ್ತು.

ಎರಡೇ ಸಾಲಿಗೆ ಇಷ್ಟೊಂದು ಬೇಕಾ ಅನ್ನಿಸಬಹುದು. ಬೇಕು. ಬೇಕಂತಲೇ ಕೆಡಿಸಿ ನೋಡುವುದರಲ್ಲಿ ಸಿಗುವ ತಿಳಿವಳಿಕೆ ಸರಿಯಾಗಿರುವ ಕೋಡನ್ನು ಹತ್ತು ಸಲ ಓದಿದರೂ ಸಿಗುವುದಿಲ್ಲ. ಒಂದು ಕಂಸ ತೆಗೆಯಿರಿ, ಸಾಲಿನ ಮುಂದೆ ಒಂದು ಸ್ಪೇಸ್ ಜಾಸ್ತಿ ಹಾಕಿ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿಸಿ. ಸಿಂಟ್ಯಾಕ್ಸ್‌ಎರರ್, ಇಂಡೆಂಟೇಶನ್‌ಎರರ್, ನೇಮ್‌ಎರರ್ ಮೂರೂ ಇದೇ ಕ್ರಮದಲ್ಲಿ, ಒಂದೇ ಸಂಜೆಯಲ್ಲಿ ಪರಿಚಯ ಆಗುತ್ತವೆ.

ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ? ತೊಂದರೆ ಇಲ್ಲ. ಪೈಥಾನ್ ತನಗೇ ಅಂತ ಕಾದಿರಿಸಿಕೊಂಡ ಪದಗಳು 35, ಶುರುವಿನಲ್ಲಿ ಅದರಲ್ಲಿ ಹತ್ತು ಹನ್ನೆರಡು ಸಾಕು. ಗಣಿತದ ಭಯವನ್ನೂ ಪಕ್ಕಕ್ಕಿಡಿ, ಕೂಡಿಸಿ ಕಳೆದು ಗುಣಿಸಿ ಭಾಗಿಸೋಕೆ ಬಂದರೆ ಸದ್ಯಕ್ಕೆ ಆಯಿತು.

ವಿಡಿಯೋ ನೋಡಿ ಕಲಿಯುವವರಿಗೆ ಒಂದು ಮಾತು. ನೋಡುವಾಗ ಎಲ್ಲವೂ ಅರ್ಥ ಆದಂತೆಯೇ ಇರುತ್ತದೆ, ಈಜುವವರನ್ನು ದಡದಲ್ಲಿ ಕೂತು ನೋಡಿದ ಹಾಗೆ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ಅದನ್ನೇ ನೋಡದೆ ಬರೆಯಿರಿ. ಕಾಪಿ ಪೇಸ್ಟ್ ಬೇಡ, ಕೈಯಲ್ಲೇ ಟೈಪ್ ಮಾಡಿ. ಅದಕ್ಕೆ ಇನ್ನೊಂದು ಕಾರಣವೂ ಇದೆ: ಎಲ್ಲಿಂದಲೋ ತಂದು ಅಂಟಿಸಿದ ಕೋಡಿನಲ್ಲಿ ಕೆಲವೊಮ್ಮೆ ಬಾಗಿದ ಉದ್ಧರಣ ಚಿಹ್ನೆಗಳು ಬಂದುಬಿಡುತ್ತವೆ, ಪೈಥಾನ್‌ಗೆ ನೆಟ್ಟಗಿನವೇ ಬೇಕು, ಕಣ್ಣಿಗೆ ಎರಡೂ ಒಂದೇ ತರ ಕಾಣುವುದರಿಂದ ಏನು ತಪ್ಪಾಗಿದೆ ಅಂತ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಹಾಗೇ ಪ್ರಿಂಟ್ ಮುಂದೆ ಕಂಸವೇ ಇಲ್ಲದ ಪಾಠ ಸಿಕ್ಕಿದರೆ ಅದು ಪೈಥಾನ್ 2ರ ಕಾಲದ್ದು, ಮುಂದಕ್ಕೆ ಹೋಗಿ. 2020ಕ್ಕೇ ಅದರ ಬೆಂಬಲ ಮುಗಿದಿದೆ.

ಎಐ ಚಾಟ್‌ಗಳನ್ನು ಬಳಸಬಾರದು ಅನ್ನುವವನಲ್ಲ ನಾನು. "ಈ ಎರರ್ ಅರ್ಥ ಏನು" ಅಂತ ಧಾರಾಳವಾಗಿ ಕೇಳಿ. "ಇದನ್ನು ಬರೆದುಕೊಡು" ಅಂತ ಮಾತ್ರ ಮೊದಲ ಕೆಲವು ತಿಂಗಳು ಕೇಳಬೇಡಿ, ಬರೆಯುವ ಅಭ್ಯಾಸ ಆಗಬೇಕಿರುವುದು ನಿಮಗೆ, ಅದಕ್ಕಲ್ಲ.

ಇಫ್ ಮತ್ತು ಲೂಪ್ ಸ್ವಲ್ಪ ಕೈಗೆ ಹತ್ತಿದ ಮೇಲೆ ಒಂದು ಆಟ ಮಾಡಿ. ಕಂಪ್ಯೂಟರ್ 1ರಿಂದ 100ರ ಒಳಗೆ ಒಂದು ಸಂಖ್ಯೆ ಇಟ್ಟುಕೊಳ್ಳಲಿ, ನೀವು ಊಹಿಸಬೇಕು, ಅದು "ಜಾಸ್ತಿ ಆಯ್ತು", "ಕಡಿಮೆ ಆಯ್ತು" ಅಂತ ಹೇಳಬೇಕು. ಸಂಖ್ಯೆ ಆರಿಸೋಕೆ ರ‍್ಯಾಂಡಮ್ (random) ಅನ್ನುವ ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಪೈಥಾನ್ ಜೊತೆಗೇ ಇದೆ. ಆದರೆ ನಿಮ್ಮ ಫೈಲಿಗೆ ಅದೇ ಹೆಸರು ಇಡಬೇಡಿ, ಇಟ್ಟರೆ ಪೈಥಾನ್ ಲೈಬ್ರರಿ ಬಿಟ್ಟು ನಿಮ್ಮ ಫೈಲನ್ನೇ ಎಳೆದುಕೊಂಡು ಬಂದು ವಿಚಿತ್ರ ಎರರ್ ಕೊಡುತ್ತದೆ. ಒಮ್ಮೆಲೇ ಪೂರ್ತಿ ಬರೆಯೋಕೆ ಹೋಗಬೇಡಿ. ಮೊದಲು ಸಂಖ್ಯೆ ಆರಿಸಿ ಪ್ರಿಂಟ್ ಮಾಡಿ ನೋಡಿ. ಆಮೇಲೆ ಒಂದೇ ಒಂದು ಊಹೆ ಕೇಳಿ ಹೋಲಿಸಿ. ಅದು ಸರಿ ಹೋದ ಮೇಲೆ ಲೂಪಿನಲ್ಲಿ ಹಾಕಿ. ಲೂಪ್ ನಿಲ್ಲದೇ ಓಡುತ್ತಲೇ ಇದ್ದರೆ ಗಾಬರಿ ಬೇಡ, ಥಾನಿಯಲ್ಲಿ ಕೆಂಪು ಸ್ಟಾಪ್ ಬಟನ್ ಇದೆ. ಆಟ ಮುಗಿಯುವುದು ಯಾವಾಗ ಅಂತ ನೀವು ಅದಕ್ಕೆ ಇನ್ನೂ ಹೇಳಿಕೊಟ್ಟಿಲ್ಲ ಅಷ್ಟೇ.

ಆಡುತ್ತಾ ಹೋದಂತೆ ಒಂದು ಉಪಾಯ ಹೊಳೆಯುತ್ತದೆ. ಮೊದಲು 50 ಅನ್ನಿ, ಕಡಿಮೆ ಆಯ್ತು ಅಂದರೆ 75 ಅನ್ನಿ, ಹೀಗೆ ಪ್ರತಿ ಸಲ ಉಳಿದಿದ್ದರ ನಡುವಿನ ಸಂಖ್ಯೆ ಹೇಳುತ್ತಾ ಹೋದರೆ ಏಳು ಊಹೆಯೊಳಗೆ ಉತ್ತರ ಸಿಕ್ಕೇ ಸಿಗುತ್ತದೆ, ಯಾಕೆಂದರೆ ಹೀಗೆ ಅರ್ಧ ಮಾಡುತ್ತಾ ಹೋದರೆ ಏಳು ಊಹೆಯಲ್ಲಿ 127 ಸಂಖ್ಯೆಗಳ ತನಕ ನಿಭಾಯಿಸಬಹುದು, ನಮ್ಮ ಹತ್ತಿರ ಇರುವುದು ನೂರೇ. ಇದಕ್ಕೆ ಬೈನರಿ ಸರ್ಚ್ ಅನ್ನುತ್ತಾರೆ. ಪುಸ್ತಕದಲ್ಲಿ ಓದಿದರೆ ಒಣ ಅನ್ನಿಸುವ ವಿಷಯ, ಆಡುತ್ತಾ ಸಿಕ್ಕಿದರೆ ಮರೆಯುವುದಿಲ್ಲ.

ಈಗ ಆಟ ತಿರುಗಿಸಿ. ಸಂಖ್ಯೆ ನೀವು ಇಟ್ಟುಕೊಳ್ಳಿ, ಕಂಪ್ಯೂಟರ್ ಊಹಿಸಲಿ. ಕೆಳಗಿನ ಮಿತಿ ಒಂದು ವೇರಿಯಬಲ್, ಮೇಲಿನ ಮಿತಿ ಇನ್ನೊಂದು, ನಿಮ್ಮ ಉತ್ತರ ನೋಡಿ ಅವೆರಡೂ ಹತ್ತಿರ ಬರುತ್ತಾ ಹೋಗಬೇಕು. ಇದನ್ನು ಯಾರ ಕೋಡೂ ನೋಡದೆ ಬರೆದು ನೋಡಿ, ಎರಡು ಮೂರು ದಿನ ಹಿಡಿದರೂ ಪರವಾಗಿಲ್ಲ. ಓಡಿದ ಮೇಲೆ ಬೇಕಂತಲೇ ಸುಳ್ಳು ಉತ್ತರ ಕೊಡಿ. ಕೊನೆಗೊಮ್ಮೆ ಕೆಳಗಿನ ಮಿತಿ ಮೇಲಿನದನ್ನೇ ದಾಟಿಬಿಡುತ್ತದೆ. ಅದನ್ನು ಹಿಡಿಯೋಕೆ ಒಂದು ಇಫ್ ಸೇರಿಸಿ, "ನೀವು ಸುಳ್ಳು ಹೇಳ್ತಿದೀರಿ" ಅಂತ ಪ್ರಿಂಟ್ ಮಾಡಿಸಿ.