ಮೊಲಕ್ಕೆ ಹುಲ್ಲೇ ಊಟ, ಗಜ್ಜರಿ ಬರೀ ರುಚಿಗೆ

ರಾಯಚೂರಿನಲ್ಲಿ ಮೊಲ ಸಾಕಿದ ಮನೆಗಳಿಗೆ ಹೋದಾಗಲೆಲ್ಲ ಗೂಡಿನಲ್ಲಿ ಗಜ್ಜರಿ, ಮಂಡಕ್ಕಿ, ಬಿಸ್ಕತ್ತು ಕಾಣುತ್ತವೆಯೇ ಹೊರತು ಹುಲ್ಲು ಕಾಣುವುದಿಲ್ಲ. ಮೊಲದ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ಹಗಲಿರುಳು ಅಗಿದರೆ ಮಾತ್ರ ಅವು ಸರಿಯಾಗಿ ಸವೆಯುತ್ತವೆ, ಕರುಳಿನ ಚಲನೆಯೂ ನಿಲ್ಲದೆ ಸಾಗುತ್ತದೆ. ಆದ್ದರಿಂದ ಆಹಾರದ ಐದು ಪಾಲಿನಲ್ಲಿ ನಾಲ್ಕು ಪಾಲು ಹುಲ್ಲೇ ಆಗಿರಬೇಕು.

ಮೊದಲು ಹುಲ್ಲನ್ನು ಆರಿಸಬೇಕು. ನನ್ನ ಆಯ್ಕೆ ಗರಿಕೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಹುಲ್ಲು ಸುಲಭವಾಗಿ ಸಿಗುತ್ತದೆಂದು ಅದನ್ನೇ ತುಂಬುವವರಿದ್ದಾರೆ. ಅದು ಹಾಸಲು ಸರಿ, ಊಟಕ್ಕೆ ಸಾಲದು. ಗದ್ದೆಯ ಬದುವಿನ ಗರಿಕೆಯ ಮೇಲೆ ಬೆಳೆಗೆ ಹೊಡೆದ ಔಷಧಿ ಬಿದ್ದಿರುತ್ತದೆ, ಅದನ್ನು ಮುಟ್ಟಬೇಡಿ. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಪೈರು ಮೇಯ್ದ ದನಗಳು ಸಾಯುವುದನ್ನು ನಮ್ಮ ರೈತರು ಬಲ್ಲರು; ಆ ಸಯನೈಡ್ ವಿಷದ ಅಪಾಯ ಮೊಲಕ್ಕೂ ಇರುವುದರಿಂದ ಎಳೆ ಜೋಳವನ್ನು ಹಾಕಲೇಬಾರದು.

ಹೆಚ್ಚಿನವರು ಎಡವುವುದು ಒಣಗಿಸುವಾಗ. ಇಬ್ಬನಿ ಆರಿದ ಮೇಲೆ ಕೊಯ್ದ ಗರಿಕೆಯನ್ನು, ನಮ್ಮ ಏಪ್ರಿಲ್ ಬಿಸಿಲಿಗೆ ಒಡ್ಡಿ ಬಣ್ಣಗೆಡಿಸದೆ, ಗಾಳಿಯಾಡುವ ಪಡಸಾಲೆಯ ನೆರಳಿನಲ್ಲಿ ತೆಳ್ಳಗೆ ಹರಡಿ ದಿನಕ್ಕೆ ಮೂರು ನಾಲ್ಕು ಸಲ ಮಗುಚಬೇಕು. ದಪ್ಪನೆಯ ಗೆಣ್ಣನ್ನು ಬಾಗಿಸಿದಾಗ ಬಳುಕಿದರೆ ಇನ್ನೂ ಹಸಿಯಿದೆ. ಪಟ್ಟನೆ ಮುರಿದು, ಬಣ್ಣ ಮಾಸಲು ಹಸಿರಾಗಿ, ಸಿಹಿ ವಾಸನೆ ಬಂದರೆ ಹದವಾಗಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬೆವರುವುದರಿಂದ ಗೋಣಿಚೀಲದಲ್ಲಿಯೇ ತುಂಬಿಡಿ. ಬೂಸಲು ಹಿಡಿದದ್ದನ್ನು ಕೊಡವಿ ಹಾಕುವ ಅಭ್ಯಾಸ ಬಹಳ ಕೆಟ್ಟದ್ದು. ಆ ಚೀಲವನ್ನೇ ಚೆಲ್ಲಬೇಕು.

ಮಂಡಕ್ಕಿಗೆ ಒಗ್ಗಿದ ಮೊಲವನ್ನು ಒಂದೇ ದಿನಕ್ಕೆ ಹುಲ್ಲಿಗೆ ತಿರುಗಿಸಿದರೆ ಹೊಟ್ಟೆ ಕೆಡುತ್ತದೆ. ಎರಡು ವಾರಗಳಲ್ಲಿ ಮಂಡಕ್ಕಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ, ಹುಲ್ಲನ್ನು ಮಾತ್ರ ಮೊದಲ ದಿನದಿಂದಲೇ ಗೂಡಿನ ತುಂಬ ಇಡಿ.

ದಿನಕ್ಕೊಂದು ಹಿಡಿ ಕೊತ್ತಂಬರಿ ಅಥವಾ ಮೂಲಂಗಿ ಸೊಪ್ಪನ್ನು ತೊಳೆದು ಕೊಡಿ. ಗಜ್ಜರಿ ವಾರಕ್ಕೆ ಎರಡು ಬಿಲ್ಲೆ ಸಾಕು. ಈರುಳ್ಳಿ, ಬೆಳ್ಳುಳ್ಳಿ ಎಂದಿಗೂ ಬೇಡ. ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ) ಕೊಡುವುದಾದರೆ ಮೊಲದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಕಾಳು, ಬಣ್ಣದ ತುಣುಕು ಬೆರೆಸಿದ ಪೊಟ್ಟಣಗಳನ್ನು ಕೊಳ್ಳಲೇಬೇಡಿ, ಏಕೆಂದರೆ ಮೊಲ ಸಿಹಿಯಾದದ್ದನ್ನು ಆರಿಸಿ ತಿಂದು ನಾರನ್ನು ಬಿಡುತ್ತದೆ. ಕುದುರೆ ಮಸಾಲೆ (ಲೂಸರ್ನ್ ಎಂಬ ಮೇವು) ಸೊಪ್ಪು ಆರು ತಿಂಗಳೊಳಗಿನ ಮರಿಗಳಿಗೆ ಒಳ್ಳೆಯದು. ಬೆಳೆದವಕ್ಕೆ ಅದರ ಹೆಚ್ಚಿನ ಕ್ಯಾಲ್ಸಿಯಂನಿಂದ ಮೂತ್ರದಲ್ಲಿ ಕಲ್ಲಾಗುವ ಭಯವಿದೆ.

ನೀರನ್ನು ಭಾರದ ಮಣ್ಣಿನ ಬೋಗುಣಿಯಲ್ಲಿಟ್ಟು ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಬದಲಿಸಿ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದು ಸಹಜ, ತಡೆಯಬೇಡಿ. ಆದರೆ ಅದು 12 ಗಂಟೆ ಏನನ್ನೂ ತಿನ್ನದಿದ್ದರೆ, ಅಥವಾ ಹಿಕ್ಕೆ ನಿಂತಿದ್ದರೆ, ಮನೆಮದ್ದಿಗೆ ಕಾಯದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.