ಲೇಹ್‌ಗೆ ನಾವು ಎರಡು ದಿನ ತಡವಾಗಿ ತಲುಪಿದ್ದು

ಅಡಿಕೆ ತೋಟವೂ ಕೊಟ್ಟಿಗೆಯೂ ಇರುವ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಒಂಬತ್ತು ದಿನ ಹೊರಗೆ ಹೋಗುವುದು ಸಣ್ಣ ಮಾತಲ್ಲ. ಮಳೆ ಹಿಡಿಯುವ ಮುನ್ನ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸಬೇಕು. ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ, ಮಳೆ ಬಿಡದಿದ್ದರೆ ಮೂರನೆಯ ಸಲ. ಅದು ಮುಗಿಯುವಷ್ಟರಲ್ಲಿ ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು), ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಬೇಸಿಗೆ ಬಂದರೆ ನೀರಿನ ಚಿಂತೆ. ಮದುವೆಯಾದ ವರ್ಷವೇ ಹೋಗಬೇಕೆಂದುಕೊಂಡಿದ್ದ ಲಡಾಖ್ ಪ್ರವಾಸ ಹೀಗೆ ಹತ್ತೊಂಬತ್ತು ವರ್ಷ ಮುಂದಕ್ಕೆ ಹೋಯಿತು. ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿಟ್ಟ ಪಾಂಗಾಂಗ್ ಸರೋವರದ ಚಿತ್ರವೊಂದು ಅಷ್ಟೂ ವರ್ಷ ನನ್ನ ಹೊಲಿಗೆ ಯಂತ್ರದ ಎದುರಿನ ಗೋಡೆಯಲ್ಲಿತ್ತು.

ಚೌತಿ ಮುಗಿದು ಕೊನೆಕೊಯ್ಲು ಇನ್ನೂ ಶುರುವಾಗದ ಸೆಪ್ಟೆಂಬರಿನ ಆ ಸಣ್ಣ ಬಿಡುವನ್ನು ನಾವು ಕೊನೆಗೂ ಹಿಡಿದೆವು. ಕೊಟ್ಟಿಗೆಯನ್ನು ಅತ್ತೆ ಮತ್ತು ಪಕ್ಕದ ಮನೆಯವರು ನೋಡಿಕೊಳ್ಳುವುದೆಂದಾಯಿತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಟಿಕೆಟ್ ಮಾಡಿಸಿಕೊಟ್ಟ. 13ರ ರಾತ್ರಿ ತಾಳಗುಪ್ಪದಿಂದ ಬರುವ ರೈಲನ್ನು ಸಾಗರದಲ್ಲಿ ಹತ್ತಿ, 14ರ ಬೆಳಿಗ್ಗೆ ಬೆಂಗಳೂರು ಸೇರಿ, ಹಗಲು ಅವನ ಮನೆಯಲ್ಲಿ ಕಳೆದು, ರಾತ್ರಿ ದೆಹಲಿಯ ವಿಮಾನಕ್ಕೆ ಹೊರಡುವುದು ನಮ್ಮ ಲೆಕ್ಕವಾಗಿತ್ತು.

13ರ ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವನ ಫೋನ್ ಬಂತು. "ಚಿಕ್ಕಮ್ಮ, ನೀವು ಈಗ ಎಲ್ಲಿದ್ದೀರಿ?" ಮನೆಯಲ್ಲಿದ್ದೇವೆ ಎಂದೆ. ಒಂದು ಕ್ಷಣ ಅವನು ಮಾತಾಡಲಿಲ್ಲ. "ವಿಮಾನ ಇವತ್ತು ರಾತ್ರಿ ಚಿಕ್ಕಮ್ಮ."

ಟಿಕೆಟ್ಟಿನಲ್ಲಿ ಇದ್ದದ್ದು 14ನೆಯ ತಾರೀಖು, 00:30. ಅಂದರೆ 13ರ ರಾತ್ರಿ ಹನ್ನೆರಡು ದಾಟಿ ಅರ್ಧ ಗಂಟೆ. ನಮಗೆ ರಾತ್ರಿ ಎಂದರೆ ಮಲಗಿ ಏಳುವ ತನಕ ಅದೇ ದಿನ. ಪಂಚಾಂಗದಲ್ಲಿಯೂ ಸೂರ್ಯೋದಯಕ್ಕೇ ದಿನ ಬದಲಾಗುವುದು. ರೈಲು, ವಿಮಾನಗಳ ದಿನ ಮಾತ್ರ ನಡುರಾತ್ರಿಗೆ ಬದಲಾಗುತ್ತದೆ. ದೆಹಲಿಯಿಂದ ಲೇಹ್‌ಗೆ ಹೋಗುವ ಎರಡನೆಯ ಟಿಕೆಟ್ಟಿನಲ್ಲಿ 14ರ ಬೆಳಿಗ್ಗೆ 6:40 ಎಂದು ಸ್ಪಷ್ಟವಾಗಿ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ಓದಿದ್ದರೆ ತಪ್ಪು ಕಣ್ಣಿಗೆ ಬೀಳುತ್ತಿತ್ತು. ನಾವು ಓದಿರಲಿಲ್ಲ. ಈಗ ನಡುರಾತ್ರಿಯ ಟಿಕೆಟ್ ಯಾರೇ ಮಾಡಿಸಿದರೂ, "ಮನೆಯಿಂದ ಹೊರಡುವುದು ಯಾವ ವಾರದ ರಾತ್ರಿ" ಎಂದು ವಾರದ ಹೆಸರನ್ನು ಬಾಯಿಬಿಟ್ಟು ಹೇಳಿಸುತ್ತೇನೆ. ತಾರೀಖು ಮೋಸ ಮಾಡಿದರೂ ವಾರ ಮೋಸ ಮಾಡುವುದಿಲ್ಲ.

ಗಂಟೆ ಒಂದೂ ಮುಕ್ಕಾಲು. ಇವರು ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಟಿಕೆಟ್ಟನ್ನು ಮರುದಿನಕ್ಕೆ ಬದಲಾಯಿಸುವ ಯೋಚನೆ ಮೊದಲು ಬಂತು. ಆದರೆ ಬದಲಾವಣೆಯ ಶುಲ್ಕದ ಜೊತೆಗೆ ಅಂದಿನ ದರದ ವ್ಯತ್ಯಾಸವನ್ನೂ ಕಟ್ಟಬೇಕಿತ್ತು. ಮೇಲಾಗಿ ನಮ್ಮ ಎರಡು ಟಿಕೆಟ್‌ಗಳು ಬೇರೆ ಬೇರೆ ಸಂಸ್ಥೆಗಳವು. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ, ಅದೂ ಹೋದಂತೆಯೇ. ರೈಲಂತೂ ಉಪಯೋಗವಿಲ್ಲ. ಉಳಿದದ್ದು ಬಾಡಿಗೆ ಕಾರು.

ಇವರು ಗಾಬರಿಯಾದಾಗ ಮಾತು ಕಡಿಮೆ ಮಾಡುತ್ತಾರೆ, ನಾನು ಹೆಚ್ಚು ಮಾಡುತ್ತೇನೆ. ಆ ದಿನ ಇವರೇ ಒಂದು ಕಾಗದ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಬರೆಯತೊಡಗಿದರು. ವಿಮಾನ 12:30. ಸಾಮಾನು ಒಪ್ಪಿಸುವ ಕೌಂಟರ್ ಮುಚ್ಚುವುದು ಒಂದು ಗಂಟೆ ಮೊದಲು, 11:30. ನಿಲ್ದಾಣದ ಬಾಗಿಲಿಗೆ 11. ದೊಡ್ಡಬಳ್ಳಾಪುರ 10. ತುಮಕೂರು 8:45. ತಿಪಟೂರು 7:15. ಪ್ರತಿ ಊರಿಗೂ ಒಂದು ಕೊನೆಯ ಗಡುವು. 350 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಹಾಗೆ ತುಂಡು ಮಾಡಿ ನೋಡಿದಾಗ ಅದು ಸಾಧ್ಯವಾದ ಕೆಲಸವಾಗಿ ಕಂಡಿತು. ಬೆಂಗಳೂರು ನಗರದ ಒಳಗೆ ಹೋಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೇಲೆ ಹೋಗುವುದೆಂದೂ ಆ ಕಾಗದದ ಮೇಲೆಯೇ ತೀರ್ಮಾನವಾಯಿತು. ನಮ್ಮನ್ನು ಆ ರಾತ್ರಿ ಉಳಿಸಿದ್ದು ಆ ತಿರುವು.

ಎರಡೂವರೆಗೆ ಹೊರಟೆವು. ಬಡಿಸಿದ ಅನ್ನ ಎಲೆಯಲ್ಲೇ ಉಳಿಯಿತು. ಅತ್ತೆ ಮೊಸರನ್ನ ಕಲಸಿ ಡಬ್ಬಿಗೆ ತುಂಬಿ ಕಾರಿನ ಕಿಟಕಿಯಿಂದ ಒಳಗೆ ಕೊಟ್ಟರು.

ಕಡೂರು ದಾಟಿ ಸ್ವಲ್ಪ ದೂರದಲ್ಲಿ ಹಿಂದಿನ ಟೈರು ಸಿಡಿಯಿತು. ಜಿಟಿಜಿಟಿ ಮಳೆ, ಕತ್ತಲಾಗುವ ಹೊತ್ತು. ಚಾಲಕ ಎಳೆಯ ಹುಡುಗ, ಕೈ ನಡುಗುತ್ತಿತ್ತು. ಇವರು "ನಿಧಾನವಾಗಿ ಮಾಡಪ್ಪ, ನಮಗೆ ಹೊತ್ತಿದೆ" ಎಂದು ಹೇಳಿ ತಾವೇ ಟಾರ್ಚ್ ಹಿಡಿದು ನಿಂತರು. ಹೊತ್ತು ಇರಲಿಲ್ಲ ಎಂಬುದು ನಮಗೆ ಗೊತ್ತಿತ್ತು. ಆದರೆ ಅವಸರ ಮಾಡಿಸಿದರೆ ಜಾಕ್ ಜಾರುವ ಸಂಭವವಿತ್ತು. ಸ್ಟೆಪ್ನಿ ಹಾಕಿ ಹೊರಡಲು ಮೂವತ್ತೈದು ನಿಮಿಷ ಬೇಕಾಯಿತು. ಅರಸೀಕೆರೆ ಬಂದಾಗ ಇವರು ನೀರು ಕುಡಿಯುತ್ತಾ, "ಔಷಧಿ ಚೀಲ ನಿನ್ನ ಹತ್ತಿರ ಇದೆಯಲ್ಲ?" ಎಂದು ಕೇಳಿದರು. ಅದು ಜಗಲಿಯ ಮೇಲೆ, ಕಂಬದ ಪಕ್ಕದಲ್ಲಿತ್ತು. ಇವರ ರಕ್ತದೊತ್ತಡದ ಮಾತ್ರೆ, ನಾನು ಜೋಡಿಸಿಟ್ಟಿದ್ದ ಜ್ವರ, ವಾಂತಿಯ ಮಾತ್ರೆ, ಎಲ್ಲವೂ ಅದರಲ್ಲಿ.

ನನಗೆ ಅಳು ಬಂತು. ಹತ್ತೊಂಬತ್ತು ವರ್ಷ ಕಾದು ಹೊರಟ ದಾರಿ ಹೀಗಾಗಬೇಕೇ ಎಂದು ಅತ್ತುಬಿಟ್ಟೆ. ಇವರು ಏನೂ ಹೇಳಲಿಲ್ಲ, ಡಬ್ಬಿ ತೆಗೆದು ಮೊಸರನ್ನವನ್ನು ನನ್ನ ಕೈಗಿಟ್ಟರು.

ನಿಲ್ದಾಣ ತಲುಪಿದಾಗ 11:10. ಕೌಂಟರಿನಲ್ಲಿ ನಮ್ಮ ಹಿಂದೆ ಯಾರೂ ಇರಲಿಲ್ಲ.

ದೆಹಲಿಯಲ್ಲಿ ಇಳಿದು, ಸಾಮಾನು ಬಿಡಿಸಿಕೊಂಡು, ಇನ್ನೊಂದು ಟರ್ಮಿನಲ್ಲಿಗೆ ಹೋಗಿ ಮತ್ತೆ ಒಪ್ಪಿಸಿದೆವು. ಟಿಕೆಟ್ ಒಂದೇ ಆಗಿದ್ದರೆ ಈ ಓಡಾಟ ಇರುತ್ತಿರಲಿಲ್ಲ. 6:40ರ ವಿಮಾನ ಸರಿಯಾದ ಹೊತ್ತಿಗೇ ಮೇಲೇರಿತು. ಕಿಟಕಿಯಲ್ಲಿ ಹಿಮದ ಶಿಖರಗಳು ಕಂಡಾಗ ಇವರು ನನ್ನ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಕೆಳಗೆ ಬಿಳಿ ಮೋಡ ಮಾತ್ರ ಉಳಿಯಿತು. ವಿಮಾನ ಎರಡು ಮೂರು ಸುತ್ತು ಹಾಕಿತು. ಲೇಹ್‌ನಲ್ಲಿ ಮೋಡ ಕೆಳಗಿಳಿದಿದೆ, ದೆಹಲಿಗೆ ಹಿಂದಿರುಗುತ್ತಿದ್ದೇವೆ ಎಂದು ಪೈಲಟ್ ಹೇಳಿದರು.

ಲೇಹ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 3,256 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟಗಳಿರುವ ಕಣಿವೆಯಲ್ಲಿದೆ. ಮಧ್ಯಾಹ್ನವಾದರೆ ಗಾಳಿ ಏಳುವುದರಿಂದ ಪ್ರಯಾಣಿಕರ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಬಂದು ಹೋಗುತ್ತವೆ. ಆದ್ದರಿಂದ ಬೆಳಗಿನದು ತಪ್ಪಿದರೆ ಸಂಜೆಯದು ಎಂಬುದಿಲ್ಲ, ಮರುದಿನವೇ. ಹವಾಮಾನದಿಂದ ರದ್ದಾದರೆ ಸಂಸ್ಥೆ ಪರಿಹಾರದ ಹಣ ಕೊಡಬೇಕಾಗಿಲ್ಲ. ಆದರೆ ಬೇರೆ ವಿಮಾನದಲ್ಲಿ ಸೀಟು ಅಥವಾ ಪೂರ್ತಿ ಹಣ ವಾಪಸು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು ಪ್ರಯಾಣಿಕನದು. ಸಾಲಿನಲ್ಲಿ ನಮ್ಮ ಮುಂದಿದ್ದ ಅನೇಕರು ಸಿಟ್ಟಿನಲ್ಲಿ ಹಣ ವಾಪಸು ಎಂದು ಬರೆಸಿ ಹೊರಗೆ ಹೋಗಿ ಹೊಸ ಟಿಕೆಟ್ ಹುಡುಕಿದರು. ಅಷ್ಟರಲ್ಲಿ ದರ ಏರಿತ್ತು. ನಾವು ಸೀಟನ್ನೇ ಕೇಳಿದೆವು. 15ಕ್ಕೆ ಇರಲಿಲ್ಲ, 16ರ ಬೆಳಿಗ್ಗೆಗೆ ಎರಡು ಸಿಕ್ಕವು. ಮೊಬೈಲಿಗೆ ಸಂದೇಶ ಬರುವ ತನಕ ನಾನು ಕೌಂಟರ್ ಬಿಟ್ಟು ಕದಲಲಿಲ್ಲ.

ಮಹಿಪಾಲಪುರದ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆವು. ಇವರ ಔಷಧಿ ಚೀಟಿಯ ಫೋಟೋ ನನ್ನ ಮೊಬೈಲಿನಲ್ಲಿತ್ತು, ಅದನ್ನು ತೋರಿಸಿ ಮಾತ್ರೆ ಕೊಂಡೆವು. ಸಾಗರದ ನಮ್ಮ ವೈದ್ಯರಿಗೆ ಫೋನ್ ಮಾಡಿದಾಗ ಅವರು ಇವರ ಒತ್ತಡದ ಹಿಂದಿನ ಅಂಕಿಗಳನ್ನು ಕೇಳಿದರು, ಸಲ್ಫಾ ಔಷಧಿಗೆ ಅಲರ್ಜಿ ಇದೆಯೇ ಎಂದು ಇಬ್ಬರನ್ನೂ ವಿಚಾರಿಸಿದರು, ಆಮೇಲೆ ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಡಯಾಮಾಕ್ಸ್ ಬಗ್ಗೆ ಹೇಳಿದರು. ಆ ಹತ್ತು ನಿಮಿಷದ ಮಾತು ಊರಿನಲ್ಲಿದ್ದಾಗಲೇ ಆಗಬೇಕಿತ್ತು.

ಮಧ್ಯಾಹ್ನ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಕಟ್ಟಡಕ್ಕೆ ಹೋಗಿ ಅನ್ನ ಸಾರು ಉಂಡೆವು. ಪಕ್ಕದ ಮೇಜಿನಲ್ಲಿ ಯಾರೋ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಅದನ್ನು ಕೇಳಿಯೇ ಎದೆ ಹಗುರಾಯಿತು.

ನಿಜವಾದ ಕಷ್ಟ ಆ ಸಂಜೆ ಎದುರಾಯಿತು. ನಮ್ಮ ಮೂಲ ಲೆಕ್ಕ ಹೀಗಿತ್ತು: ಲೇಹ್‌ನಲ್ಲಿ ಎರಡು ದಿನ ವಿಶ್ರಾಂತಿ, ಒಂದು ದಿನ ಸಿಂಧೂ ಕಣಿವೆ, ಎರಡು ದಿನ ನುಬ್ರಾ, ಎರಡು ದಿನ ಪಾಂಗಾಂಗ್, ಒಂದು ದಿನ ಮತ್ತೆ ಲೇಹ್, 22ಕ್ಕೆ ವಾಪಸು. ಎರಡು ದಿನ ಕೈಬಿಟ್ಟಿತ್ತು. ಕಾರು ಗೊತ್ತುಮಾಡಿಕೊಟ್ಟವರು ಫೋನಿನಲ್ಲಿ ಬಹಳ ಸುಲಭವಾಗಿ ಹೇಳಿದರು: "ವಿಶ್ರಾಂತಿಯ ದಿನಗಳನ್ನು ತೆಗೆದುಬಿಡಿ. ಇಳಿದ ಮರುದಿನವೇ ನುಬ್ರಾ ದಾರಿಯ ಖಾರ್‌ದುಂಗ್ ಲಾ ಘಾಟಿ ದಾಟಿಸುತ್ತೇನೆ, ಎಲ್ಲರೂ ಹಾಗೆಯೇ ಮಾಡುತ್ತಾರೆ." ನನ್ನ ಮನಸ್ಸು ಅದಕ್ಕೆ ಒಪ್ಪಿಯೇ ಬಿಟ್ಟಿತ್ತು. ಪಾಂಗಾಂಗ್ ನೋಡದೆ ಬರುವುದಾದರೆ ಇಷ್ಟೆಲ್ಲ ಯಾಕೆ ಎಂದು ಇವರ ಮೇಲೆಯೇ ರೇಗಿದೆ.

ಇವರು ಅಂಕಿಗಳನ್ನು ಮುಂದಿಟ್ಟರು. ನಮ್ಮ ಮನೆ ಇರುವುದು ಆರುನೂರು ಮೀಟರಿನ ಆಸುಪಾಸು. ಲೇಹ್ ಪಟ್ಟಣ ಸುಮಾರು 3,500. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಭಾಗ. ಖಾರ್‌ದುಂಗ್ ಲಾ 5,359 ಮೀಟರ್, ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪಾಂಗಾಂಗ್‌ನಲ್ಲಿ ರಾತ್ರಿ ಮಲಗಬೇಕಾದದ್ದು 4,200 ಮೀಟರಿಗೂ ಮೇಲೆ. ವಿಮಾನದಲ್ಲಿ ಒಂದೂವರೆ ಗಂಟೆಯಲ್ಲಿ ಮೇಲೇರಿದ ದೇಹಕ್ಕೆ ರಕ್ತ, ಉಸಿರಾಟ ಎರಡನ್ನೂ ಸರಿಹೊಂದಿಸಿಕೊಳ್ಳಲು ದಿನಗಳೇ ಬೇಕು. "ನಾವು ತಡವಾಗಿದ್ದೇವೆ ಎಂದು ದೇಹಕ್ಕೆ ಗೊತ್ತಾಗುವುದಿಲ್ಲ ಮಾರಾಯ್ತಿ" ಎಂದರು. ಸಿಂಪಡಣೆ ಒಂದು ವಾರ ತಡವಾಯಿತೆಂದು ದ್ರಾವಣವನ್ನು ಗಟ್ಟಿ ಮಾಡಿ ಹೊಡೆದರೆ ಮರ ಸುಡುತ್ತದೆ ಎಂಬುದು ತೋಟದಲ್ಲಿ ನಾವು ಕಂಡದ್ದೇ.

ಆ ರಾತ್ರಿ ಇಬ್ಬರೂ ಕೂತು ಪಾಂಗಾಂಗ್‌ನ ಎರಡು ದಿನವನ್ನು ಹೊಡೆದುಹಾಕಿದೆವು. ವಿಶ್ರಾಂತಿಯ ಎರಡು ದಿನವನ್ನು ಮುಟ್ಟಲಿಲ್ಲ. ಪ್ರವಾಸದ ಮೊದಲ ದಿನಗಳಲ್ಲಿ ಪೆಟ್ಟು ಬಿದ್ದರೆ ಕೊನೆಯ ಕಡೆಯಿಂದ ಏನನ್ನಾದರೂ ಬಿಡಬೇಕೇ ಹೊರತು ವಿಶ್ರಾಂತಿಯ ಬಿಡುವನ್ನು ತಿನ್ನಬಾರದು ಎಂದು ನನಗೆ ಆಗ ಮನವರಿಕೆಯಾಯಿತು, ದುಃಖ ಮಾತ್ರ ಕಡಿಮೆಯಾಗಲಿಲ್ಲ. ಟೆಂಟಿನವರಿಗೆ ಕೊಟ್ಟ ಮುಂಗಡದಲ್ಲಿ ಅರ್ಧ ಹೋಯಿತು. ಆ ಹಣಕ್ಕಿಂತ ಗೋಡೆಯ ಮೇಲಿನ ಚಿತ್ರ ಹೆಚ್ಚು ಕಾಡಿತು.

16ರ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಇಳಿದೆವು. ಇಳಿದ ಕೂಡಲೇ ಇಬ್ಬರ ಮೊಬೈಲೂ ಸತ್ತವು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಇದು ಹೋಗಿ ಬಂದವರಿಗೆಲ್ಲ ಗೊತ್ತಿರುವ ಸಂಗತಿ, ನಮಗೆ ಯಾರೂ ಹೇಳಿರಲಿಲ್ಲ. ಇಳಿದೊಡನೆ ಫೋನ್ ಮಾಡುತ್ತೇವೆ ಎಂದು ಅತ್ತೆಗೆ ಮಾತು ಕೊಟ್ಟಿದ್ದೆವು. ಒಮ್ಮೆ ಹಿಂದಿರುಗಿದ ವಿಮಾನದ ಕಥೆ ಕೇಳಿದ್ದ ಅವರು ಹೇಗೆ ಕಾಯುತ್ತಿರಬಹುದು ಎಂದು ನೆನೆದು ನನಗೆ ಕಾಲೇ ಏಳಲಿಲ್ಲ. ತಂಗುಮನೆಯ ಯಜಮಾನರು ತಮ್ಮ ಫೋನನ್ನೇ ಕೊಟ್ಟರು. ಅತ್ತೆ "ಸರಿ, ಸ್ವೆಟರ್ ಹಾಕಿಕೊಳ್ಳಿ" ಎಂದಷ್ಟೇ ಹೇಳಿ ಇಟ್ಟರು. ಅವರ ದನಿ ಒಡೆದಿತ್ತು.

ಅಂದು ಮಧ್ಯಾಹ್ನದ ಹೊತ್ತಿಗೆ ನನಗೆ ತಲೆ ಸಿಡಿಯತೊಡಗಿತು. ಊಟ ಸೇರಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹಾರುತ್ತಿತ್ತು, ರಾತ್ರಿ ನಿದ್ದೆ ತುಂಡುತುಂಡು. ಹೆಚ್ಚಾದರೆ ಆಸ್ಪತ್ರೆ, ಅಲ್ಲೂ ಇಳಿಯದಿದ್ದರೆ ಕೆಳಗಿನ ಊರು ಎಂದು ಇವರು ನಿಶ್ಚಯಿಸಿಕೊಂಡಿದ್ದರು. ಬಿಸಿನೀರು, ತೆಳ್ಳಗಿನ ಸೂಪು, ಹಾಸಿಗೆ, ಇಷ್ಟರಲ್ಲೇ ಎರಡು ದಿನ ಕಳೆಯಿತು. 17ರ ಸಂಜೆ ತಲೆನೋವು ಇಳಿಯಿತು. ಆ 17ರಂದು ನಾನು ಖಾರ್‌ದುಂಗ್ ಲಾದ ಮೇಲೆ ಇರಬೇಕಾಗಿತ್ತು, ಕಾರಿನವರ ಮಾತು ಕೇಳಿದ್ದರೆ.

18ಕ್ಕೆ ಸಿಂಧೂ ನದಿಯ ಗುಂಟ ಕೆಳಗಿಳಿದೆವು. ನಿಮ್ಮೂ ಹತ್ತಿರ ಝನ್‌ಸ್ಕಾರ್ ನದಿ ಬಂದು ಸಿಂಧೂವನ್ನು ಸೇರುತ್ತದೆ. ಎರಡು ನೀರಿಗೆ ಎರಡು ಬಣ್ಣ, ಕೂಡಿದ ಮೇಲೂ ಸ್ವಲ್ಪ ದೂರ ಬೇರೆಬೇರೆಯಾಗಿಯೇ ಹರಿಯುತ್ತವೆ. ಅಲ್ಲಿಂದ ಮುಂದೆ ಆಲ್ಚಿ. ಲೇಹ್‌ಗಿಂತ ತಗ್ಗಿನ ಊರು, ಉಸಿರಾಟ ಸಲೀಸಾಗಿತ್ತು. ಹಳೆಯ ಬೌದ್ಧ ಗುಡಿಯ ಗೋಡೆಚಿತ್ರಗಳನ್ನು ನೋಡಿ ಹೊರಗೆ ಬಂದರೆ ಇವರು ಕಾಣಿಸಲಿಲ್ಲ. ಹುಡುಕಿಕೊಂಡು ಹೋದೆ. ಜರ್ದಾಳು ಮರಗಳ ನಡುವೆ, ಹಿಮ ಕರಗಿದ ನೀರನ್ನು ಗುಡ್ಡದಿಂದ ಹೊಲಗಳಿಗೆ ತರುವ ಕಿರುಗಾಲುವೆಯೊಂದರ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಎದುರಿಗೆ ಅಲ್ಲಿಯ ಒಬ್ಬ ಮುದುಕ. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಮುದುಕ ಒಂದು ಕಲ್ಲನ್ನೂ ಹುಲ್ಲುಹೆಂಟೆಯನ್ನೂ ಸರಿಸಿ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ತಿರುಗಿಸಿ ತೋರಿಸಿದ. ಇವರು ತಮ್ಮ ಕೈಯಿಂದ ಅದನ್ನು ಮುಚ್ಚಿ, ಮತ್ತೆ ಬಿಡಿಸಿ, ನೀರು ಹೋಗುವ ದಾರಿಯನ್ನು ನೋಡುತ್ತಾ ಕುಳಿತರು. ನಾನು ಚಪ್ಪಲಿ ಬಿಚ್ಚಿ ಪಕ್ಕದಲ್ಲಿ ಕುಳಿತು ಕಾಲನ್ನು ಆ ನೀರಿಗೆ ಇಳಿಬಿಟ್ಟೆ. ಮೂಳೆಗೆ ತಾಗುವಷ್ಟು ತಣ್ಣಗಿತ್ತು.