ಉಡುಪಿಯಲ್ಲಿ ಕೂತು ತ್ಸೋ ಕರ್ ನಕ್ಷೆ ಮಾಡಿದ್ದು

ಲಡಾಖ್‌ನ ಚಾಂಗ್‌ಥಾಂಗ್‌ಗೆ ಹೊರಡುವ ಮೊದಲು, ತ್ಸೋ ಕರ್ ಸರೋವರದ ಸುತ್ತಲಿನ ನಕ್ಷೆಯನ್ನು ನಾನೇ ಮಾಡ್ತೇನೆ ಅಂತ ಹಟ ಹಿಡಿದೆ. ಹೊರಗೆ ಬಿಡದ ಉಡುಪಿ ಮಳೆ, ಒಳಗೆ ಹಳೇ ಲ್ಯಾಪ್‌ಟಾಪ್, ಅದರಲ್ಲಿ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್. ನೆಲದ ಎತ್ತರದ ಮಾಹಿತಿ ಎಸ್‌ಆರ್‌ಟಿಎಂ ಎಂಬ ನಾಸಾ ಯೋಜನೆಯದ್ದು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಲ್ಲಿ ಅಳೆದದ್ದು. ಸುಮಾರು 30 ಮೀಟರಿಗೊಂದು ಎತ್ತರ ಸಿಗುತ್ತದೆ, ಅದೂ ಪುಕ್ಕಟೆ.

ಕೈ ಕುದುರಲಿ ಅಂತ ಮೊದಲು ನಮ್ಮ ಮನೆ ಸುತ್ತಲಿನ ಜಾಗ ತೆಗೆದುಕೊಂಡೆ. ಗದ್ದೆ ಪಕ್ಕ ಒಂದು ದಿಬ್ಬ ಎದ್ದಿತ್ತು. ನೋಡಿದರೆ ಅದು ತೆಂಗಿನ ತೋಟ! ದಟ್ಟ ಸೋಗೆ ದಾಟಿ ನೆಲ ಮುಟ್ಟುವುದು ಆ ರೇಡಾರ್‌ಗೆ ಕಷ್ಟ. ಚಾಂಗ್‌ಥಾಂಗ್‌ನಲ್ಲಿ ಆ ತಾಪತ್ರಯ ಇಲ್ಲ, ಮರ ಇದ್ದರೆ ತಾನೇ?

ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಗಳನ್ನು 20 ಮೀಟರ್ ಎತ್ತರಕ್ಕೊಂದರಂತೆ ಎಳೆದಾಗ ಬೆಟ್ಟಗಳು ಚೆಂದಕ್ಕೆ ಬಂದವು. ಸತಾಯಿಸಿದ್ದು ಸರೋವರದ ಪಕ್ಕದ ಬಯಲು. ಅಲ್ಲಿ ಒಂದು ಗೆರೆಯೂ ಇಲ್ಲ, ಖಾಲಿ ಹಾಳೆ. 5 ಮೀಟರಿಗೆ ಇಳಿಸಿದೆ. ಬಾಚದ ತಲೆಕೂದಲ ಹಾಗೆ ಸಿಕ್ಕುಸಿಕ್ಕು. ಮಾಹಿತಿಯಲ್ಲೇ ಕೆಲವು ಮೀಟರ್ ಆಚೀಚೆ ಇರುವಾಗ ಇನ್ನೇನಾಗುತ್ತೆ? ಕೊನೆಗೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಹಾಕಿಕೊಂಡು, ಬಿಳಿ ಉಪ್ಪಿನ ಅಂಚನ್ನೂ, ನೀರು ಹಿಂದೆ ಮೇಲಿದ್ದಾಗಿನ ದಂಡೆಗಳನ್ನೂ ಕೈಯಲ್ಲೇ ಎಳೆದೆ. ಎರಡು ರಾತ್ರಿ ಹೋಯಿತು.

ಪ್ರಿಂಟ್ ಅಂಗಡಿಯವರು ಹಾಳೆ ತಿರುಗಿಸಿ ನೋಡಿ, "ಇದೆಂತ, ಹಲಸಿನ ಹಲಗೆಯ ಫೋಟೋವಾ?" ಅಂದರು.

ನನ್ನ ತಪ್ಪು ಗೊತ್ತಾದದ್ದು ತ್ಸೋ ಕರ್ ದಂಡೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಜಿಪಿಎಸ್‌ನಲ್ಲಿ ಪೂರ್ವದ ಅಂಕಿ (ಪೂರ್ವ-ಪಶ್ಚಿಮವಾಗಿ ಎಲ್ಲಿದ್ದೇವೆ ಅಂತ ಮೀಟರಿನಲ್ಲಿ ಹೇಳುವುದು) 7,79,000ದ ಆಸುಪಾಸು ಇತ್ತು. ನಾಲ್ಕು ಹೆಜ್ಜೆ ಇಟ್ಟದ್ದೇ, 2,20,000ಕ್ಕೆ ಹಾರಿತು! ಯಂತ್ರ ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ನಕ್ಷೆಗಾಗಿ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುವ ಯುಟಿಎಂ ಪದ್ಧತಿಯಲ್ಲಿ ಪ್ರತಿ ವಲಯಕ್ಕೂ ಬೇರೆ ಎಣಿಕೆ. ವಲಯ 43 ಮುಗಿದು 44 ಶುರುವಾಗುವ 78 ಡಿಗ್ರಿ ರೇಖಾಂಶ ಅಲ್ಲೇ ಹಾದುಹೋಗುತ್ತದೆ. ಉಡುಪಿ 43ರಲ್ಲಿದೆ. ಅದೇ ಅಭ್ಯಾಸದಲ್ಲಿ ಇಡೀ ನಕ್ಷೆಗೆ 43ರ ಚೌಕಗೆರೆಗಳನ್ನೇ ಹಾಕಿದ್ದೆ. 33 ಉತ್ತರ 77 ಪೂರ್ವ, 33 ಉತ್ತರ 78 ಪೂರ್ವ ಅಂತ ಎತ್ತರದ ಮಾಹಿತಿಯ ಎರಡು ಕಡತ ಸೇರಿಸಿ, 78ರ ಗೆರೆಯಲ್ಲೇ ಹೊಲಿದವನು ನಾನೇ. ಆಗಲೇ ಹೊಳೆಯಬೇಕಿತ್ತು ಅಲ್ವಾ?

ಅಲ್ಲೇ ಕೂತು ಅಂಚಿನಲ್ಲಿ 44ರ ಅಂಕಿಗಳನ್ನು ಪೆನ್ಸಿಲ್‌ನಲ್ಲಿ ಬರೆದೆ. ಗಾಳಿಗೆ ಹಾಳೆ ಹಾರದ ಹಾಗೆ ಗೆಳೆಯ ಎರಡು ಮೂಲೆಗೂ ಮೊಣಕಾಲು ಊರಿದ್ದ.